ದಿಂಡುಗಲ್ಲಿನಲ್ಲಿ ಹೈದರಾಲಿ

ಒಡ್ಡನ್‌ಛತ್ರಂ ಎಂದೊಡನೆ ನೆನಪಿಗೆ ಬರುವುದು ಅಲ್ಲಿಯ ದೊಡ್ಡ ತರಕಾರಿ ಮಾರುಕಟ್ಟೆ. ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ಹೋದರೆ ದಿಂಡುಗಲ್ಲು ಸಿಗುತ್ತದೆ. ಊರಿಗೆ ಅಂಟಿಕೊಂಡಂತೆ ಒಂದು ಬೋಳು ಬಂಡೆ, ಅದರ ಮೇಲೊಂದು ಕೋಟೆ. ಈ ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳು ಇಂದಿಗೂ ಇವೆ. ಹದಿನೆಂಟನೆಯ ಶತಮಾನದಲ್ಲಿ ಈ ಕೋಟೆಯು ಬಹುಕಾಲ ಮೈಸೂರಿನ ವಶದಲ್ಲಿತ್ತು. ಸೈನ್ಯವನ್ನು ಕಾಪಾಡಿಕೊಳ್ಳುವುದು ಹೇಗೆಂಬ ಪಾಠವನ್ನು ಹೈದರಾಲಿಯು ಕಲಿತದ್ದು ಇಲ್ಲಿಯೇ.

ಹೈದರಾಲಿಯು 1720ರ ಸುಮಾರಿಗೆ ಕೋಲಾರದ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ತಂದೆ ಯುದ್ಧದಲ್ಲಿ ಮಡಿದನು. ಬಡತನ ಬೆನ್ನಟ್ಟಿತು. ಓದು ಬರಹ ಕಲಿಯುವ ಯೋಗ ಹುಡುಗನಿಗೆ ಬರಲಿಲ್ಲ. ಆದರೆ ಅವನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಅಣ್ಣನ ಜೊತೆ ಮೈಸೂರಿನ ಸೈನ್ಯವನ್ನು ಸೇರಿದ ಅವನು, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಧೈರ್ಯದಿಂದ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದನು.

1755ರಲ್ಲಿ ಅವನನ್ನು ದಿಂಡುಗಲ್ಲಿನ ಫೌಜುದಾರನನ್ನಾಗಿ ನೇಮಿಸಲಾಯಿತು. ಸುತ್ತಣ ಪಾಳೆಯಗಾರರು ಕಪ್ಪ ಕೊಡದೆ ಎದುರು ನಿಂತಿದ್ದರು. ಹೈದರನು ಅವರನ್ನು ಅಡಗಿಸಿದನು. ಆದರೆ ಅವನು ಅಲ್ಲಿ ಮಾಡಿದ ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು. ಫ್ರೆಂಚರ ನೆರವಿನಿಂದ ನುರಿತ ಕುಶಲಕರ್ಮಿಗಳನ್ನು ಕರೆಸಿ, ಫಿರಂಗಿಗಳನ್ನೂ ಮದ್ದುಗುಂಡುಗಳನ್ನೂ ತಯಾರಿಸುವ, ದುರಸ್ತಿ ಮಾಡುವ ಶಸ್ತ್ರಾಗಾರವನ್ನು ಕಟ್ಟಿದನು. ಆಯುಧವನ್ನು ಕೊಂಡು ತಂದರೆ ಸಾಲದು, ಅದನ್ನು ನೋಡಿಕೊಳ್ಳುವ ಕೈಗಳೂ ಬೇಕು ಎಂಬುದು ಅವನಿಗೆ ತಿಳಿದಿತ್ತು.

ಹೈದರನು ತಪ್ಪೇ ಮಾಡದ ಮಹಾಪುರುಷನೆಂದು ಹೇಳಲಾಗದು. ಗಾಯಗೊಂಡ ಸಿಪಾಯಿಗಳಿಗೆ ದೊರೆಯ ಕಡೆಯಿಂದ ಹಣ ಬಂದಾಗ, ನಿಜವಾಗಿ ಗಾಯಗೊಂಡವರು 67 ಮಂದಿ ಇದ್ದರೂ, ಕ್ಷೇಮವಾಗಿದ್ದವರಿಗೂ ಅರಿಸಿನ ಬಳಿದ ಬಟ್ಟೆ ಸುತ್ತಿಸಿ 700 ಮಂದಿಯ ಲೆಕ್ಕ ತೋರಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಆದರೆ ಸೈನಿಕನ ಸಂಬಳ ನಿಂತರೆ ರಾಜ್ಯವೇ ನಿಲ್ಲುವುದಿಲ್ಲ ಎಂಬುದನ್ನು ಅವನು ಮರೆಯಲಿಲ್ಲ. 1758ರಲ್ಲಿ ಸಂಬಳವಿಲ್ಲದೆ ಮೈಸೂರಿನ ಸೈನ್ಯವು ದಂಗೆಯೆದ್ದಾಗ, ಬಾಕಿ ತೀರಿಸುವ ವ್ಯವಸ್ಥೆ ಮಾಡಿ ದಂಗೆಯನ್ನು ಶಮನ ಮಾಡಿದವನು ಹೈದರನೇ. 1761ರ ಹೊತ್ತಿಗೆ ರಾಜ್ಯದ ಅಧಿಕಾರವೆಲ್ಲ ಅವನ ಕೈಸೇರಿತು.

ಶಿವಗಂಗೆಯ ರಾಣಿ ವೇಲು ನಾಚ್ಚಿಯಾರ್ 1772ರಲ್ಲಿ ಪತಿಯನ್ನೂ ರಾಜ್ಯವನ್ನೂ ಕಳೆದುಕೊಂಡಾಗ, ಒಡ್ಡನ್‌ಛತ್ರಂಗೆ ಸಮೀಪದ ವಿರೂಪಾಕ್ಷಿಯಲ್ಲಿ ಆಶ್ರಯ ಪಡೆದಳು. ಆಕೆ ರಾಜ್ಯವನ್ನು ಮರಳಿ ಗೆಲ್ಲಲು ಹೈದರನು ನೆರವು ನೀಡಿದನು.

ದಿಂಡುಗಲ್ಲಿನಲ್ಲಿ ಕಲಿತ ಪಾಠದ ಫಲವು 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕಂಡಿತು. ಹೈದರನ ಸೈನ್ಯದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್ಟುಗಳೂ ಸುಸಜ್ಜಿತ ಫಿರಂಗಿಗಳೂ ಇದ್ದವು. ಇತ್ತ ಮದರಾಸಿನ ಇಂಗ್ಲಿಷರು ಯುದ್ಧಕ್ಕೆ ಸಿದ್ಧರಾಗಿರಲಿಲ್ಲ. ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿದ್ದ ಮನ್ರೋನ ಸೈನ್ಯಕ್ಕೆ ಅಕ್ಕಿಯ ದಾಸ್ತಾನೂ ಸಾಕಷ್ಟಿರಲಿಲ್ಲ. ಬೈಲಿಯ ಮದ್ದಿನ ಬಂಡಿಗಳು ಸಿಡಿದು ಅವನ ಪಡೆ ನಾಶವಾಯಿತು. ಮನ್ರೋ ತನ್ನ ಭಾರಿ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ಎಸೆದು ಮದರಾಸಿಗೆ ಹಿಂದಿರುಗಿದನು.

ಆದರೆ ನೆಲದ ಮೇಲೆ ಇಷ್ಟು ಎಚ್ಚರವಾಗಿದ್ದವನು ಸಮುದ್ರದ ಮೇಲೆ ಎಡವಿದನು. 1768ರಲ್ಲಿ ಕುದುರೆ ಸೈನ್ಯದ ಅಧಿಕಾರಿಯೊಬ್ಬನನ್ನು ನೌಕಾಪಡೆಯ ಮುಖ್ಯಸ್ಥನನ್ನಾಗಿ ಮಾಡಿದನು. ಬೇಸತ್ತ ಕಪ್ಪಿತಾನರು ಹೊನ್ನಾವರದ ಬಳಿ ಹಡಗುಗಳ ಸಮೇತ ಇಂಗ್ಲಿಷರ ಕಡೆ ಸೇರಿದರು. ಅವನು ಮತ್ತೆ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಆಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿ ಸುಟ್ಟುಹಾಕಿದನು. ಹಡಗಿನ ಕೆಲಸ ಬಲ್ಲವರ ಕೈಗೆ ಹಡಗನ್ನು ಕೊಡದಿದ್ದುದರ ಬೆಲೆ ದೊಡ್ಡದಾಗಿತ್ತು.

ಕಡಲಿನ ಈ ಪಾಠ ಇಂದಿಗೂ ಹಳತಾಗಿಲ್ಲ. ನೀರಿನೊಳಗೆ ಸಂಚರಿಸುವ ಜಲಾಂತರ್ಗಾಮಿಯಲ್ಲಿ ಸಣ್ಣ ದೋಷವೂ ಪ್ರಾಣಕ್ಕೆ ಮುಳುವಾಗುತ್ತದೆ. 2000ದ ಆಗಸ್ಟ್ 12ರಂದು ರಷ್ಯದ ಕುರ್ಸ್ಕ್ ನೌಕೆಯಲ್ಲಿ ಟಾರ್ಪೆಡೊವೊಂದರ ಇಂಧನ ಸೋರಿ ಸ್ಫೋಟವಾಗಿ, 118 ಮಂದಿ ಸತ್ತರು. 2014ರ ಫೆಬ್ರವರಿಯಲ್ಲಿ ನಮ್ಮ ಸಿಂಧುರತ್ನ ನೌಕೆಯ ಬ್ಯಾಟರಿ ವಿಭಾಗದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಪ್ರಾಣ ತೆತ್ತರು. ಅದೇ ದಿನ ನೌಕಾಸೇನೆಯ ಮುಖ್ಯಸ್ಥ ಅಡ್ಮಿರಲ್ ಜೋಷಿಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ಹೈದರಾಲಿಯು 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಬೆನ್ನಿನ ಹುಣ್ಣಿನಿಂದ ತೀರಿಕೊಂಡನು. ಅವನು ಸತ್ತ ಹತ್ತೇ ವರ್ಷದಲ್ಲಿ, 1792ರ ಒಪ್ಪಂದದಂತೆ ದಿಂಡುಗಲ್ಲು ಇಂಗ್ಲಿಷರದಾಯಿತು. ಶತ್ರು ಬಂದ ದಿನ ಮದ್ದನ್ನು ಒಣಗಿಸಲಾಗದು, ಫಿರಂಗಿಯ ತುಕ್ಕನ್ನು ಉಜ್ಜಲಾಗದು. ಶಾಂತಿಯ ದಿನಗಳಲ್ಲಿ, ಯಾರೂ ನೋಡದಿರುವಾಗ ಮಾಡಿದ ಕೆಲಸವೇ ಆ ದಿನ ಕೈಹಿಡಿಯುತ್ತದೆ. ವಿದ್ಯಾರ್ಥಿಗಳಾದ ನಮಗೂ ಪರೀಕ್ಷೆಯೊಂದು ಕಾದಿದೆ; ಈ ಮಾತು ನಮಗೂ ಸಲ್ಲುತ್ತದೆ.