ಕಾದವರನ್ನು ಹುಡುಕಿಕೊಂಡು ಹೋದ ಸಂತ ಜೋಸೆಫ್ ವಾಜ್

ಕಾಮಾಕ್ಷಿಪಾಳ್ಯದ ಶನಿವಾರದ ಸಂಜೆ ಹೇಗಿರುತ್ತದೆಂದು ನಿಮಗೆ ಗೊತ್ತು. ಸಣ್ಣ ಕಾರ್ಖಾನೆಗಳಲ್ಲಿ ಲೇತು ಮಿಷನ್ನುಗಳ ಸದ್ದು ಅಡಗುತ್ತದೆ. ವಾರದ ಬಟವಾಡೆ ಕೈಗೆ ಬರುತ್ತದೆ. ಮಾಗಡಿ ರಸ್ತೆಯ ಬಸ್ಸುಗಳು ತುಂಬಿ ತುಳುಕುತ್ತವೆ. ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ. ಭಾನುವಾರದ ಪೂಜೆಗೆ ಮುಂಚೆ ಒಂದು ಗಳಿಗೆ ದೇವಾಲಯಕ್ಕೆ ಹೋಗಿ ಪಾಪನಿವೇದನೆ ಮಾಡೋಣವೆಂದು ಮನಸ್ಸು ಒಮ್ಮೆ ಹೇಳುತ್ತದೆ. ಇವತ್ತು ಬೇಡ, ಕ್ರಿಸ್ಮಸ್ಸಿಗೆ ಮಾಡಿದರಾಯಿತು, ಪಾಸ್ಕಹಬ್ಬಕ್ಕೆ ಮಾಡಿದರಾಯಿತು ಎಂದು ಅದೇ ಮನಸ್ಸು ಮರುಕ್ಷಣ ಹೇಳುತ್ತದೆ. ಹಬ್ಬಗಳು ಬರುತ್ತವೆ, ಹೋಗುತ್ತವೆ. ನಾವು ಮಾತ್ರ ಇದ್ದಲ್ಲೇ ಇರುತ್ತೇವೆ.

ಗುರುಗಳು ಹತ್ತಿರವಿದ್ದೂ ನಾವು ಮುಂದೂಡುತ್ತೇವೆ. ಗುರುವೊಬ್ಬರ ಮುಖವನ್ನೇ ಕಾಣದೆ ಸುಮಾರು ಮೂವತ್ತು ವರ್ಷ ಕಾದ ಜನ ಒಂದು ಕಾಲದಲ್ಲಿದ್ದರು. ಅವರನ್ನು ಹುಡುಕಿಕೊಂಡು ಹೋದ ಒಬ್ಬ ಗುರುವಿನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇವೆ. ಅವರು ನಮಗೆ ಹೊರಗಿನವರಲ್ಲ. ನಮ್ಮ ಕನ್ನಡ ಕರಾವಳಿಯ ಮಣ್ಣಿನ ಮೇಲೆ ಮೂರು ವರ್ಷ ಬರಿಗಾಲಿನಲ್ಲಿ ನಡೆದವರು. ಅವರೇ ಸಂತ ಜೋಸೆಫ್ ವಾಜ್.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿ ಎಂಬ ಊರಿನಲ್ಲಿ ಅವರು ಹುಟ್ಟಿದರು. ತಂದೆ ಕ್ರಿಸ್ತೋವಾ ವಾಜ್, ತಾಯಿ ಮರಿಯ ದೆ ಮಿರಾಂದ. ಇಬ್ಬರೂ ದೈವಭಕ್ತರು. ಆರು ಮಕ್ಕಳಲ್ಲಿ ಜೋಸೆಫ್ ಮೂರನೆಯವರು. ಗೋವೆಯಲ್ಲೇ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷವೇ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಪಾದರಕ್ಷೆಯನ್ನು ಬಿಟ್ಟು ಬಡವರಂತೆ ನಡೆದರು. ಒಳ್ಳೆಯ ಪ್ರಬೋಧಕರೆಂದೂ ಪಾಪನಿವೇದನೆ ಕೇಳುವುದರಲ್ಲಿ ತಾಳ್ಮೆಯುಳ್ಳವರೆಂದೂ ಬಹುಬೇಗ ಹೆಸರಾದರು.

ಸಿಂಹಳ ದ್ವೀಪದ ಕ್ರೈಸ್ತರು ಗುರುಗಳಿಲ್ಲದೆ ನರಳುತ್ತಿರುವ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅಲ್ಲಿಗೆ ಹೋಗುವ ಆಸೆಯನ್ನು ಹಿರಿಯರ ಮುಂದಿಟ್ಟರು. ಆದರೆ 1681ರಲ್ಲಿ ಹಿರಿಯರು ಅವರನ್ನು ಕಳಿಸಿದ್ದು ಸಿಂಹಳಕ್ಕಲ್ಲ, ನಮ್ಮ ಕೆನರಾ ಕರಾವಳಿಗೆ. ಕೆಳದಿಯ ರಾಣಿ ಚೆನ್ನಮ್ಮಾಜಿ ಈ ಸೀಮೆಯನ್ನು ಆಳುತ್ತಿದ್ದ ಕಾಲವದು. ತಮ್ಮ ಆಸೆ ಕೈಗೂಡಲಿಲ್ಲವೆಂದು ಜೋಸೆಫ್ ವಾಜರು ಗೊಣಗಲಿಲ್ಲ. ವಿಧೇಯತೆಯಿಂದ ಹೊರಟರು.

ಕೆನರಾದಲ್ಲಿ ಅವರು ಕಂಡದ್ದೇನು? ಕುಸಿದ ದೇವಾಲಯಗಳು, ಜ್ಞಾನೋಪದೇಶವಿಲ್ಲದ ಮಕ್ಕಳು, ಅದಕ್ಕಿಂತ ಮಿಗಿಲಾಗಿ ಗೊಂದಲದಲ್ಲಿ ಬಿದ್ದ ಮನಸ್ಸುಗಳು. ಆ ಸೀಮೆಯ ಸಭೆಯನ್ನು ನಡೆಸುವ ಅಧಿಕಾರ ಯಾರದೆಂಬ ಜಗಳ ನಡೆದಿತ್ತು. ಪೋರ್ಚುಗೀಸ್ ರಾಜನ ಹಕ್ಕಿನಿಂದ ಗೋವೆಯವರು ನೇಮಿಸಿದ ಗುರುಗಳು ಒಂದು ಕಡೆ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಎರಡು ಕಡೆಯವರೂ ಒಬ್ಬರ ಅಧಿಕಾರವನ್ನು ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಇದರ ನೋವು ತಟ್ಟಿದ್ದು ಸಾಮಾನ್ಯ ಜನರಿಗೆ. ಇವರ ಹತ್ತಿರ ಪಾಪನಿವೇದನೆ ಮಾಡಿದರೆ ಅದು ಸಲ್ಲುತ್ತದೋ ಇಲ್ಲವೋ, ಅವರ ಕೈಯಿಂದ ಪಡೆದ ಪಾಪಕ್ಷಮೆ ನಿಜವೋ ಸುಳ್ಳೋ ಎಂದು ಬಡ ರೈತನೊಬ್ಬ ಚಿಂತಿಸಬೇಕಾದ ಸ್ಥಿತಿ. ಸಾಯುವ ಹೊತ್ತಿನಲ್ಲಿ ಇಂಥ ಸಂದೇಹ ಎಷ್ಟು ಘೋರವೆಂದು ನೀವೇ ಯೋಚಿಸಿ ನೋಡಿ.

ಜೋಸೆಫ್ ವಾಜರು ಗೋವೆಯವರ ಕಡೆಯಿಂದ ಬಂದವರು. ಆದರೂ ಎದುರು ನಿಂತು ಕಾದಾಡಲಿಲ್ಲ. ತಾವೇ ಧರ್ಮಾಧ್ಯಕ್ಷರನ್ನು ಕಂಡರು, ವಿನಯದಿಂದ ಮಾತಾಡಿದರು, ಜನರ ಸಂಸ್ಕಾರಗಳಿಗೆ ಸಂದೇಹ ತಟ್ಟದಂತೆ ಒಂದು ಒಪ್ಪಂದವಾಗಲೆಂದು ಪ್ರಯತ್ನಪಟ್ಟರು. ಇಬ್ಬರ ಜಗಳದಲ್ಲಿ ಮೂರನೆಯವನ ಆತ್ಮ ಹಾಳಾಗಬಾರದು ಎಂಬುದಷ್ಟೇ ಅವರ ಕಳಕಳಿ. ಅಣ್ಣತಮ್ಮಂದಿರು ಒಂದು ಸೈಟಿಗಾಗಿ ಮಾತು ಬಿಟ್ಟು ಕೂತಾಗ, ನಡುವೆ ಸಿಕ್ಕಿ ಸೊರಗುವವರು ಮಕ್ಕಳು ಮತ್ತು ವಯಸ್ಸಾದ ತಾಯಿ ಅಲ್ಲವೇ?

ಮಂಗಳೂರು, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಅವರು ಊರೂರು ನಡೆದರು. ಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಚಿಕ್ಕ ಚಿಕ್ಕ ಶಾಲೆಗಳನ್ನು ತೆರೆದರು, ರೋಗಿಗಳ ಮನೆಗಳಿಗೆ ಹೋದರು. ಮಂಗಳೂರಿನ ಹತ್ತಿರದ ಮುಡಿಪು ಬೆಟ್ಟದಲ್ಲಿ ಇಂದಿಗೂ ಒಂದು ಹೇಳಿಕೆ ಇದೆ. ಸಾಯುತ್ತಿರುವವನೊಬ್ಬನಿಗೆ ಕಡೆಯ ಸಂಸ್ಕಾರ ಕೊಡಬೇಕೆಂದು ಸುಳ್ಳು ಹೇಳಿ ಕೆಲವರು ಅವರನ್ನು ಕೊಲ್ಲಲೆಂದೇ ರಾತ್ರಿ ಆ ಬೆಟ್ಟಕ್ಕೆ ಕರೆದೊಯ್ದರಂತೆ. ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಬಂಡೆಯಲ್ಲಿ ನೀರಿನ ಸೆಲೆಗಳು ಚಿಮ್ಮಿದುವಂತೆ, ಬಂದವರು ಬೆದರಿ ಓಡಿದರಂತೆ. ಇದು ಭಕ್ತರ ಬಾಯಿಂದ ಬಾಯಿಗೆ ಬಂದದ್ದು. ಆದರೆ ಇದರಲ್ಲೊಂದು ತಿಳಿವಳಿಕೆ ಇದೆ. ಆ ಗುರುವನ್ನು ಮನೆಯಿಂದ ಹೊರಗೆ ಕರೆಯಲು ಯಾವ ಮಾತು ಹೇಳಿದರೆ ಸಾಕೆಂಬುದು ವೈರಿಗಳಿಗೂ ಗೊತ್ತಿತ್ತು. ಒಬ್ಬ ರೋಗಿ ಕ್ಷಮೆಗಾಗಿ ಕಾಯುತ್ತಿದ್ದಾನೆ ಎಂದರೆ ಅವರು ಹೊತ್ತು ಗೊತ್ತು ನೋಡುವವರಲ್ಲ.

1684ರಲ್ಲಿ ಗೋವೆಗೆ ಮರಳಿದ ಅವರು, ಮರುವರ್ಷ ಅಲ್ಲಿನ ಗುರುಗಳ ಒಂದು ಸಣ್ಣ ಕೂಟವನ್ನು ಸೇರಿದರು. ಅದೇ ಮುಂದೆ ಸಂತ ಫಿಲಿಪ್ ನೇರಿಯವರ ಮಾದರಿಯ ಒರೆಟೋರಿಯನ್ ಸಭೆಯಾಯಿತು. ಆದರೆ ಸಿಂಹಳದ ಕರೆ ಅವರ ಎದೆಯಲ್ಲಿ ಆರಿರಲಿಲ್ಲ. 1686ರಲ್ಲಿ ಯೊವಾನ್ ಎಂಬ ಸೇವಕನನ್ನು ಜೊತೆಗೆ ಕರೆದುಕೊಂಡು ಹೊರಟೇಬಿಟ್ಟರು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಯಾಳ್ಪಾಣ ಅಂದರೆ ಜಾಫ್ನಾ ಮುಟ್ಟಿದರು.

ವೇಷ ಏಕೆ ಬೇಕಾಯಿತು? 1658ರಲ್ಲಿ ಡಚ್ಚರು ಜಾಫ್ನಾವನ್ನು ಗೆದ್ದು ಪೋರ್ಚುಗೀಸರನ್ನು ಓಡಿಸಿದ್ದರು. ಕಥೋಲಿಕ ಗುರುಗಳನ್ನೆಲ್ಲ ದ್ವೀಪದಿಂದ ಹೊರಹಾಕಿದ್ದರು. ಗುರುವಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದ್ದರು. ಆ ವರ್ಷ ಹುಟ್ಟಿದ ಮಗು ಈಗ ಇಪ್ಪತ್ತೊಂಬತ್ತು ವರ್ಷದ ಆಳು. ಮದುವೆಯಾಗಿ ಮಕ್ಕಳನ್ನು ಹೆತ್ತಿರಬಹುದು. ಆದರೂ ಒಮ್ಮೆಯಾದರೂ ಪಾಪನಿವೇದನೆ ಮಾಡಿಲ್ಲ, ಪರಮಪ್ರಸಾದ ಸ್ವೀಕರಿಸಿಲ್ಲ. ಅವನ ತಂದೆ ತಾಯಿ ಕಣ್ಣು ಮುಚ್ಚಿದ್ದರೆ, ಕ್ಷಮೆಯ ಮಾತನ್ನು ಗುರುವಿನ ಬಾಯಿಂದ ಕೇಳದೆಯೇ ಕಣ್ಣು ಮುಚ್ಚಿರುತ್ತಾರೆ.

ದಡ ಸೇರಿದ ಜೋಸೆಫ್ ವಾಜರಿಗೆ ಮೊದಲು ಸಿಕ್ಕಿದ್ದು ಕಾಯಿಲೆ. ಘೋರವಾದ ರಕ್ತಭೇದಿ ಅವರನ್ನು ನೆಲಕ್ಕೆ ಕೆಡವಿತು. ಊರ ಹೊರಗೆ ದಿಕ್ಕಿಲ್ಲದ ರೋಗಿಗಳ ನಡುವೆ ಬಿದ್ದಿದ್ದಾಗ, ಕನಿಕರಗೊಂಡ ಒಬ್ಬ ಹೆಂಗಸು ತಂದುಕೊಡುತ್ತಿದ್ದ ಗಂಜಿಯೇ ಜೀವ ಉಳಿಸಿತೆಂದು ಅವರ ಚರಿತ್ರೆ ಹೇಳುತ್ತದೆ. ಎದ್ದು ನಿಂತ ಮೇಲೆ ಒಂದು ಉಪಾಯ ಮಾಡಿದರು. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಆ ಜಪಸರದ ಮೇಲೆ ನಿಲ್ಲುತ್ತದೋ, ಯಾರ ಮುಖ ಅರಳುತ್ತದೋ, ಅಲ್ಲೊಬ್ಬ ಕ್ರೈಸ್ತನಿದ್ದಾನೆಂದು ಅರಿತರು. ಜನರಿಗೂ ಹೆದರಿಕೆ. ಈ ಭಿಕ್ಷುಕ ಡಚ್ಚರ ಗೂಢಚಾರನಿರಬಹುದೇ? ನಂಬಿಕೆ ಮೂಡಲು ಸಮಯ ಹಿಡಿಯಿತು. ಮೂಡಿದ ಮೇಲೆ ಸುದ್ದಿ ಗುಟ್ಟಾಗಿ ಹರಡಿತು. ರಾತ್ರಿ ಹೊತ್ತು ಮುಚ್ಚಿದ ಬಾಗಿಲ ಹಿಂದೆ ಜನ ಸೇರತೊಡಗಿದರು. ಜ್ಞಾನಸ್ನಾನ, ಪಾಪನಿವೇದನೆ, ಬಲಿಪೂಜೆ ಎಲ್ಲವೂ ಕತ್ತಲಲ್ಲೇ. ಬೆಳಗಾಗುವ ಮುಂಚೆ ಗುರುಗಳು ಇನ್ನೊಂದು ಊರಿಗೆ ಹೊರಡುತ್ತಿದ್ದರು. 1689ರ ಕ್ರಿಸ್ಮಸ್ ರಾತ್ರಿ ಡಚ್ ಸೈನಿಕರು ದಾಳಿ ಮಾಡಿ ವಿಶ್ವಾಸಿಗಳನ್ನು ಹಿಡಿದೊಯ್ದರು. ಹಲವರು ಕಠಿಣ ಶಿಕ್ಷೆಗೆ ಗುರಿಯಾದರು. ಗುರುಗಳು ಮಾತ್ರ ತಪ್ಪಿಸಿಕೊಂಡರು.

ಪಾಪಕ್ಷಮೆಯ ಒಂದು ಗಳಿಗೆಗಾಗಿ ಆ ಜನ ಚಾಟಿ ಏಟಿಗೂ ಸೆರೆವಾಸಕ್ಕೂ ಸಿದ್ಧರಾದರು. ನಮಗೆ ಅಡ್ಡ ಬರುವುದೇನು? ಟಿ.ವಿ. ಧಾರಾವಾಹಿಯೇ, ದಣಿವೇ, ಗುರುಗಳು ನನ್ನನ್ನು ಏನೆಂದುಕೊಂಡಾರೋ ಎಂಬ ನಾಚಿಕೆಯೇ? ನಾಚಿಕೆಯಾಗಿದ್ದರೆ ಒಂದು ಮಾತು ನೆನಪಿಡಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಆಡುವಂತಿಲ್ಲ. ಅದು ಧರ್ಮಸಭೆಯ ಕಟ್ಟಪ್ಪಣೆ.

ಇನ್ನೊಂದು ಸಂಗತಿಯನ್ನು ಗಮನಿಸಿ. 1687ರಿಂದ ಸುಮಾರು ಒಂಬತ್ತು ವರ್ಷ ಆ ದ್ವೀಪದಲ್ಲೆಲ್ಲ ಇದ್ದದ್ದು ಅವರೊಬ್ಬರೇ ಗುರು. ಗೋವೆಯಿಂದ ಸಹಾಯಕ ಗುರುಗಳು ಬಂದದ್ದು 1696ರ ಸುಮಾರಿಗೆ. ಅಂದರೆ ಸಾವಿರಾರು ಜನರ ಪಾಪನಿವೇದನೆ ಕೇಳಿದ ಅವರಿಗೆ, ತಮ್ಮ ನಿವೇದನೆಯನ್ನು ಕೇಳಲು ಪಕ್ಕದಲ್ಲಿ ಇನ್ನೊಬ್ಬ ಗುರು ಇರಲಿಲ್ಲ. ರಕ್ತಭೇದಿಯಿಂದ ಸಾವಿನಂಚಿಗೆ ಹೋದಾಗಲೂ ಇರಲಿಲ್ಲ. ಊರಿಗೆಲ್ಲ ನೀರು ಹೊತ್ತವನ ಗಂಟಲೇ ಒಣಗಿದ ಹಾಗೆ. ನಾವು ಸುಲಭವಾಗಿ ಬಿಟ್ಟುಬಿಡುವ ಸೌಲಭ್ಯವನ್ನು, ಪರರಿಗೆ ಅದು ದಕ್ಕಲಿ ಎಂದು ಆ ಸಂತರು ತಾವು ಬಿಟ್ಟುಕೊಟ್ಟರು.

ಡಚ್ಚರ ಕಾಟ ಹೆಚ್ಚಿದಾಗ ಅವರು ಕ್ಯಾಂಡಿ ರಾಜ್ಯಕ್ಕೆ ಸೇರಿದ ಪುತ್ತಳಂಗೆ ಹೋದರು. 1692ರಲ್ಲಿ ರಾಜಧಾನಿ ಕ್ಯಾಂಡಿಗೆ ಕಾಲಿಟ್ಟರು. ಅಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಚಾಡಿಮಾತಿನಿಂದ ಸೆರೆಮನೆ ಸೇರಬೇಕಾಯಿತು. ಸೆರೆಯಲ್ಲೂ ಸುಮ್ಮನೆ ಕೂರಲಿಲ್ಲ. ಜನರ ಮನದಾಳವನ್ನು ಅವರ ಭಾಷೆಯಲ್ಲೇ ಕೇಳಬೇಕೆಂದು ಸಿಂಹಳ ಭಾಷೆ ಕಲಿತರು. ಸೆರೆಯ ಆವರಣದಲ್ಲೇ ಒಂದು ಪುಟ್ಟ ಪ್ರಾರ್ಥನಾಲಯ ಎದ್ದಿತು. ಕ್ರಮೇಣ ಅವರ ನಡತೆಯನ್ನು ಕಂಡ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಬಿಡುಗಡೆ ಮಾಡಿದ, ಧರ್ಮಕಾರ್ಯಕ್ಕೆ ಅನುಮತಿ ಕೊಟ್ಟ.

1697ರಲ್ಲಿ ಕ್ಯಾಂಡಿಗೆ ಸಿಡುಬಿನ ಮಾರಿ ಬಡಿಯಿತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ಜೋಸೆಫ್ ವಾಜರೂ ಅವರ ಬಂಧುವಾದ ಗುರು ಜೋಸೆಫ್ ಕರ್ವಾಲೊ ಅವರೂ ರೋಗಿಗಳನ್ನು ಹುಡುಕಿ ಹೋಗಿ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಜಾತಿ ಮತ ಕೇಳಲಿಲ್ಲ. ನಮ್ಮ ಕಾಮಾಕ್ಷಿಪಾಳ್ಯದ ಪಕ್ಕದ ಸುಮನಹಳ್ಳಿಯಲ್ಲಿ ಕುಷ್ಠರೋಗಿಗಳಿಗಾಗಿ ನಡೆದು ಬಂದ ಸೇವೆಯನ್ನು ನೋಡಿದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಪಾಪದಿಂದ ತಿರುಗಿದ ಮನಸ್ಸಿನ ಗುರುತು ಕಣ್ಣೀರಷ್ಟೇ ಅಲ್ಲ, ಹೀಗೆ ದುಡಿಯುವ ಕೈಯೂ ಹೌದು.

ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ಅವರು ಒಲ್ಲೆನೆಂದರು. ದುಡಿದು ದುಡಿದು ದೇಹ ಸೋತಿತ್ತು. 1711ರ ಜನವರಿ 16ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲೇ ದೇವರ ಪಾದ ಸೇರಿದರು. ಹುಟ್ಟಿದೂರಿಗೆ ಮರಳಲೇ ಇಲ್ಲ. 1995ರ ಜನವರಿ 21ರಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅವರಿಗೆ ಸಂತ ಪದವಿಯಿತ್ತರು.

ಪ್ರಿಯ ಓದುಗರೇ, ಈ ಚರಿತ್ರೆಯನ್ನು ಓದಿ ಮಡಿಸಿಟ್ಟರೆ ಸಾಲದು. ನಮ್ಮ ಹಿರಿಯರು ಪಾಪಸಂಕೀರ್ತನೆಗೆ ಐದು ಮೆಟ್ಟಿಲುಗಳನ್ನು ಕಲಿಸಿದ್ದರು. ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಮಾಡೆನೆಂಬ ದೃಢಸಂಕಲ್ಪ, ಗುರುವಿನ ಮುಂದೆ ನಿವೇದನೆ, ಕೊಟ್ಟ ಪ್ರಾಯಶ್ಚಿತ್ತವನ್ನು ಪೂರೈಸುವುದು. ನಾವು ಹೆಚ್ಚಾಗಿ ಎಡವುವುದು ಮೂರನೆಯ ಮೆಟ್ಟಿಲಲ್ಲಿ. ಬಟವಾಡೆಯ ಅರ್ಧವನ್ನು ಕುಡಿತಕ್ಕೆ ಕಳೆಯುವವನು ಅದನ್ನು ನಿವೇದಿಸುತ್ತಾನೆ, ಆದರೆ ಮುಂದಿನ ಶನಿವಾರ ಅದೇ ದಾರಿಯಲ್ಲಿ ನಡೆಯುತ್ತಾನೆ. ಅಂಗಡಿಯಲ್ಲಿ ತೂಕ ಕಡಿಮೆ ಕೊಟ್ಟವನು ಕ್ಷಮೆ ಬೇಡುತ್ತಾನೆ, ತಕ್ಕಡಿಯನ್ನು ಮಾತ್ರ ಸರಿಪಡಿಸುವುದಿಲ್ಲ. ನೆರೆಯವಳ ಮಾನ ಕಳೆದ ನಾಲಿಗೆ ಅದೇ ವಠಾರದಲ್ಲಿ ಅದೇ ಮಾತನ್ನು ಮತ್ತೆ ಆಡುತ್ತದೆ. ಜಕ್ಕಾಯನು ಯೇಸುಸ್ವಾಮಿಯನ್ನು ಮನೆಯಲ್ಲಿ ಬರಮಾಡಿಕೊಂಡ ದಿನ ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸಲು ಮುಂದಾದನೆಂಬುದನ್ನು ಮರೆಯಬಾರದು.

ಬಿದ್ದವರು ಮತ್ತೆ ಬಿದ್ದರೂ ಎದೆಗುಂದಬೇಡಿ. ಎದ್ದು ಬನ್ನಿ. ಈ ಶನಿವಾರ ಬಟವಾಡೆ ಎಣಿಸಿ ಜೇಬಿಗಿಟ್ಟ ಮೇಲೆ, ಮನೆಗೆ ಹೋಗುವ ಮುನ್ನ ದೇವಾಲಯದ ಕಡೆ ಹೆಜ್ಜೆ ಹಾಕಿ. ಸಾಧ್ಯವಾದರೆ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಹೋಗಿ, ಮಕ್ಕಳನ್ನೂ ಕರೆದುಕೊಳ್ಳಿ. ಹೊರಡುವ ಮುಂಚೆ ಮನೆಯಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಕ್ಷಮೆ ಕೇಳಿ. ಜಾಫ್ನಾದ ಜನ ಕತ್ತಲಲ್ಲಿ ಹೆದರುತ್ತಾ ತೆರೆದ ಬಾಗಿಲು ನಿಮಗಾಗಿ ಹಾಡಹಗಲಲ್ಲೇ ತೆರೆದಿದೆ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.