ಚಿನ್ನಾಳಪಟ್ಟಿಯ ಡಾ. ಸೌಂದರಂ ಮತ್ತು ಕಸ್ತೂರಬಾ ಹೆಸರಿನ ಆಸ್ಪತ್ರೆ

ಕೈಮಗ್ಗದ ಸೀರೆಗಳಿಗೆ ಹೆಸರಾದ ಚಿನ್ನಾಳಪಟ್ಟಿಯಲ್ಲಿ 1947ರಲ್ಲಿ ಎರಡು ಹಾಸಿಗೆಗಳ ಪುಟ್ಟ ಚಿಕಿತ್ಸಾಲಯವೊಂದು ಆರಂಭವಾಯಿತು. ಗಾಂಧಿಗ್ರಾಮದ ಕಸ್ತೂರಬಾ ಆಸ್ಪತ್ರೆಯ ಮೂಲ ಅದೇ. ಅದನ್ನು ತೆರೆದವರು ಡಾ. ಟಿ. ಎಸ್. ಸೌಂದರಂ.

1904ರಲ್ಲಿ ಜನಿಸಿದ ಸೌಂದರಂ, ಮದುರೆಯ ಹೆಸರಾಂತ ಉದ್ಯಮಿ ಟಿ. ವಿ. ಸುಂದರಂ ಅಯ್ಯಂಗಾರ್ಯರ ಪುತ್ರಿ. ಬಾಲ್ಯದಲ್ಲಿಯೇ ವಿವಾಹವಾಯಿತು; ವೈದ್ಯರಾಗಿದ್ದ ಪತಿ ಎಳೆವಯಸ್ಸಿನಲ್ಲಿಯೇ ತೀರಿಕೊಂಡರು. ವಿಧವೆಯರನ್ನು ಮನೆಯ ಮೂಲೆಗೆ ಸರಿಸುತ್ತಿದ್ದ ಆ ಕಾಲದಲ್ಲಿ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿಗೆ ಸೇರಿ, 1936ರಲ್ಲಿ ಪದವಿ ಪಡೆದರು. ಅಲ್ಲಿ ದೊರೆತ ಸುಶೀಲಾ ನಯ್ಯರ್ ಅವರ ಸ್ನೇಹ ಗಾಂಧೀಜಿಯವರ ಬಳಿಗೆ ಕರೆದೊಯ್ದಿತು. 1940ರಲ್ಲಿ ಜಾತಿಯ ಎಲ್ಲೆ ಮೀರಿ ಕೇರಳದ ಜಿ. ರಾಮಚಂದ್ರನ್ ಅವರನ್ನು ವರಿಸಿದರು.

ಆಸ್ಪತ್ರೆಗೆ ಇಟ್ಟ ಹೆಸರಿನ ಹಿಂದೆ ನೋವಿನ ಕಥೆಯೊಂದಿದೆ. 1944ರಲ್ಲಿ ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರಬಾ ಹಾಸಿಗೆ ಹಿಡಿದಾಗ ಆಧುನಿಕ ವೈದ್ಯರಾದ ಸುಶೀಲಾ ನಯ್ಯರ್, ಗಿಲ್ಡರ್ ಇಬ್ಬರೂ ಜೊತೆಗಿದ್ದರು. ಪ್ರಕೃತಿ ಚಿಕಿತ್ಸಕ ದಿನ್‌ಶಾ ಮೆಹ್ತಾ ಬಂದರು. ಆಯುರ್ವೇದ ಪಂಡಿತ ಶಿವಶರ್ಮ ಬಂದರು. ಮೂರು ಪದ್ಧತಿಗಳೂ ಒಂದೇ ಹಾಸಿಗೆಯ ಸುತ್ತ ನಿಂತಿದ್ದವು. ವಿಮಾನದಲ್ಲಿ ಪೆನಿಸಿಲಿನ್ ತರಿಸಲಾಯಿತು. ಮತ್ತೆ ಮತ್ತೆ ಸೂಜಿ ಚುಚ್ಚಿ ನೋಯಿಸುವುದಕ್ಕೆ ಗಾಂಧೀಜಿ ಒಪ್ಪಲಿಲ್ಲ. ಫೆಬ್ರುವರಿ 22ರಂದು ಕಸ್ತೂರಬಾ ತೀರಿಕೊಂಡರು.

ಗಾಂಧೀಜಿಗೆ ಪ್ರಿಯವಾಗಿದ್ದ ಪ್ರಕೃತಿ ಚಿಕಿತ್ಸೆಯಲ್ಲಿ ಔಷಧಿಯೇ ಇಲ್ಲ. ಮಣ್ಣಿನ ಪಟ್ಟಿ, ನೀರು, ಬಿಸಿಲು, ಮಿತಾಹಾರಗಳೇ ಸಾಧನ. ನಮ್ಮ ಮನೆಗಳಲ್ಲಿ ಅದನ್ನೂ ಹೋಮಿಯೋಪಥಿಯನ್ನೂ ಸಿದ್ಧ ವೈದ್ಯವನ್ನೂ ನಾಟಿ ಮದ್ದೆಂದು ಒಂದೇ ಚೀಲಕ್ಕೆ ಹಾಕುವ ರೂಢಿಯಿದೆ. ಹೋಮಿಯೋಪಥಿ ನಾಟಿಯೂ ಅಲ್ಲ, ಬೇರು-ಸೊಪ್ಪಿನ ಕಷಾಯವೂ ಅಲ್ಲ. ಜರ್ಮನಿಯ ಹಾನಿಮನ್ 1796ರಲ್ಲಿ ಮುಂದಿಟ್ಟ ಪದ್ಧತಿ. ರೋಗದಂತಹ ಲಕ್ಷಣವನ್ನುಂಟುಮಾಡುವ ವಸ್ತುವನ್ನೇ ತೆಳುಗೊಳಿಸಿ ಕೊಡುವುದು ಅದರ ಸೂತ್ರ. ಸೀಸೆಯ ಮೇಲಿನ 30 ಸಿ ಎಂಬ ಗುರುತಿಗೆ, ನೂರರಲ್ಲೊಂದು ಪಾಲಿನಂತೆ ಮೂವತ್ತು ಸಲ ತೆಳುಗೊಳಿಸಿದ್ದೆಂದು ಅರ್ಥ. ಅಷ್ಟರಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಇಲ್ಲವೆನ್ನಬಹುದು. ಬರಿಯ ಸಕ್ಕರೆ ಗುಳಿಗೆಗಿಂತ ಅದು ಹೆಚ್ಚು ಫಲಕಾರಿಯೆಂದು ಪರೀಕ್ಷೆಗಳಲ್ಲಿ ದೃಢಪಟ್ಟಿಲ್ಲ. ಸಿದ್ಧ, ಆಯುರ್ವೇದಗಳ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿ ಮೂಲಿಕೆಗಳೂ ಕೆಲವೊಮ್ಮೆ ಲೋಹಭಸ್ಮಗಳೂ ನಿಜವಾಗಿಯೇ ಹೊಟ್ಟೆಗೆ ಸೇರುತ್ತವೆ. ಪ್ರಮಾಣ ತಪ್ಪಿದರೆ ಅಪಾಯವೂ ಉಂಟು.

ಕಸ್ತೂರಬಾ ಸ್ಮಾರಕ ನಿಧಿಯ ತಮಿಳುನಾಡಿನ ಪ್ರತಿನಿಧಿಯಾಗಿದ್ದ ಸೌಂದರಂ, ಗಾಂಧೀಜಿಯವರ ಅನುಯಾಯಿಯಾಗಿದ್ದೂ ಹಳ್ಳಿಯ ಬಸುರಿಯರಿಗೆ ಕೊಟ್ಟದ್ದು ತಾವು ಕಲಿತ ಆಧುನಿಕ ವೈದ್ಯವನ್ನು. ಗಾಂಧೀಜಿ ಉರುಳಿ ಕಾಂಚನದಲ್ಲಿ ಪ್ರಕೃತಿ ಚಿಕಿತ್ಸೆಯ ಆಶ್ರಮ ಆರಂಭಿಸಿದ್ದು 1946ರಲ್ಲಿ. ಅದರ ಮರುವರ್ಷವೇ ಇಲ್ಲಿ ಹೆರಿಗೆಯ ಹಾಸಿಗೆಗಳು ಸಿದ್ಧವಾದವು. ಇದನ್ನು ಗುರುವಿಗೆ ತೋರಿದ ಅವಿಧೇಯತೆಯೆಂದು ನಾನು ತಿಳಿಯುವುದಿಲ್ಲ. ಶುದ್ಧ ನೀರು, ಹಿತವಾದ ಆಹಾರ, ಶುಚಿತ್ವ ಇವು ಗಾಂಧೀಜಿಯವರ ಪಾಠಗಳೇ. ಆದರೆ ಅಡ್ಡಲಾಗಿ ಮಲಗಿದ ಕೂಸನ್ನು ಮಣ್ಣಿನ ಪಟ್ಟಿ ಹೊರತರಲಾರದು.

1962ರಲ್ಲಿ ದಿಂಡಿಗಲ್‌ನಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದಲ್ಲಿ ಶಿಕ್ಷಣ ಉಪಮಂತ್ರಿಯಾದರು. 1964ರಲ್ಲಿ ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಯೋಜನೆಯ ಸಂಸ್ಥೆಯೂ ಗಾಂಧಿಗ್ರಾಮದಲ್ಲಿ ನೆಲೆಗೊಂಡಿತು. 1984ರ ಅಕ್ಟೋಬರ್ 21ರಂದು ಸೌಂದರಂ ನಿಧನರಾದರು. ಈ ಸೀಮೆಯ ಎಷ್ಟೋ ಮಕ್ಕಳ ಜನನ ಪತ್ರದಲ್ಲಿ, ಹುಟ್ಟಿದ ಸ್ಥಳದ ಮುಂದೆ, ಇಂದಿಗೂ ಕಸ್ತೂರಬಾ ಅವರ ಹೆಸರಿರುತ್ತದೆ.