ಯಂತ್ರ ಕಳಚುವ ಗಳಿಗೆ: ಬ್ಯೋರ್ನ್ ಇಬ್ಸೆನ್ ಕಲಿಸಿದ ಪಾಠ

ಸವದತ್ತಿ ಅಥವಾ ರಾಮದುರ್ಗದ ಹೊಲದ ಮನೆಯಲ್ಲಿ ನೆಲದ ಮೇಲೆ ಮಲಗಿದ ಮಗುವಿಗೆ ಕಟ್ಟುಹಾವು ಕಚ್ಚಿದರೆ, ವಿಷವು ಸ್ನಾಯುಗಳನ್ನು ಒಂದೊಂದಾಗಿ ನಿಶ್ಚೇಷ್ಟಗೊಳಿಸುತ್ತದೆ. ಶ್ವಾಸಕೋಶ ನೆಟ್ಟಗಿದ್ದರೂ ಅದನ್ನು ನಡೆಸುವ ಶಕ್ತಿ ಉಡುಗುತ್ತದೆ. ಬೈಲಹೊಂಗಲ, ಕಿತ್ತೂರು ಭಾಗದ ಹತ್ತಿ, ಕಬ್ಬಿನ ಹೊಲಗಳ ಕೀಟನಾಶಕ ಮಗುವಿನ ಹೊಟ್ಟೆ ಸೇರಿದಾಗಲೂ ಇದೇ ಗತಿ. ಅಂಥ ಮಗುವನ್ನು ಬೆಳಗಾವಿಗೋ ಧಾರವಾಡಕ್ಕೋ ಒಯ್ಯುವಾಗ ಅಂಬುಲೆನ್ಸಿನಲ್ಲಿ ಒಬ್ಬರು ಚೀಲವೊಂದನ್ನು ಒತ್ತುತ್ತ ಉಸಿರು ತುಂಬುತ್ತಿರುತ್ತಾರೆ. ಊರು ತಲುಪಿದ ಮೇಲೆ ಯಂತ್ರ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಈ ಪದ್ಧತಿಯ ಮೂಲದಲ್ಲಿ ಡೆನ್ಮಾರ್ಕಿನ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಬದುಕಿದೆ.

1915ರಲ್ಲಿ ಜನಿಸಿದ ಇಬ್ಸೆನ್, ಕೋಪನ್‌ಹೇಗನ್ನಿನಲ್ಲಿ ವೈದ್ಯಕೀಯ ಓದಿ, 1949-50ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅರಿವಳಿಕೆ ಶಾಸ್ತ್ರದ ತರಬೇತಿ ಪಡೆದರು. ಅರಿವಳಿಕೆ ತಜ್ಞನೆಂದರೆ ಶಸ್ತ್ರಚಿಕಿತ್ಸೆಯ ಕೋಣೆಗೆ ಸೀಮಿತನಾದ ಸಹಾಯಕನೆಂದು ಭಾವಿಸಿದ್ದ ಕಾಲವದು. ಆ ಗೋಡೆಯನ್ನು ಕೆಡವಿದ್ದು 1952ರ ಪೋಲಿಯೊ ಪಿಡುಗು.

ಆ ಬೇಸಿಗೆಯಲ್ಲಿ ನಗರದ ಬ್ಲೆಗ್ಡಾಮ್ ಆಸ್ಪತ್ರೆಗೆ ರೋಗಿಗಳು ಪ್ರವಾಹದಂತೆ ಬಂದರು. ಅವರಲ್ಲಿ ಅನೇಕರು ಮಕ್ಕಳು. ರೋಗಿಯ ದೇಹವನ್ನು ಒಳಗಿಟ್ಟು ಉಸಿರಾಡಿಸುವ ಲೋಹದ ದೊಡ್ಡ ಪೆಟ್ಟಿಗೆ ಇದ್ದದ್ದು ಒಂದೇ. ಎದೆಗೆ ಕಟ್ಟುವ ಸಣ್ಣ ಸಾಧನಗಳು ಆರು. ಉಸಿರಾಟದ ಸ್ನಾಯುಗಳು ಸೋತ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಮುಖ್ಯ ವೈದ್ಯ ಲಾಸೆನ್ ಕಂಗೆಟ್ಟಿದ್ದರು. ಧನುರ್ವಾಯು ಪೀಡಿತ ಶಿಶುವೊಂದಕ್ಕೆ ಇಬ್ಸೆನ್ ಕೈಯಿಂದ ಉಸಿರು ತುಂಬಿದ್ದನ್ನು ಕಂಡಿದ್ದ ಸಹವೈದ್ಯ ಬ್ಯೋರ್ನೆಬೊ, ಅವರನ್ನು ಕರೆಸುವಂತೆ ಒತ್ತಾಯಿಸಿದರು.

ಮೃತರ ರಕ್ತದಲ್ಲಿ ಕಂಡ ಬದಲಾವಣೆಗೆ ಇತರರು ಬೇರೊಂದು ಕಾರಣ ಊಹಿಸಿದ್ದರು. ಇಬ್ಸೆನ್ ಅದನ್ನು ಇನ್ನೊಂದು ರೀತಿಯಲ್ಲಿ ಓದಿದರು: ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ದೇಹದಲ್ಲೇ ಉಳಿದು ರೋಗಿಗಳನ್ನು ಕೊಲ್ಲುತ್ತಿದೆ. 1952ರ ಆಗಸ್ಟ್ 27ರಂದು ಸಾವಿನಂಚಿನಲ್ಲಿದ್ದ 12 ವರ್ಷದ ಬಾಲಕಿಯ ಗಂಟಲಿನ ಕೆಳಗೆ ರಂಧ್ರ ಮಾಡಿಸಿ, ನಳಿಕೆ ತೂರಿಸಿ, ರಬ್ಬರ್ ಚೀಲದಿಂದ ಉಸಿರು ತುಂಬಿದರು. ಡೈಆಕ್ಸೈಡ್ ಇಳಿಯಿತು, ಮೈಬಣ್ಣ ಮರಳಿತು. ಆ ಬಾಲಕಿಯ ಪಾರ್ಶ್ವವಾಯು ಮಾತ್ರ ಗುಣವಾಗಲಿಲ್ಲ. ಏಳು ವರ್ಷಗಳ ತರುವಾಯ ಮನೆಗೆ ಮರಳಿ 1971ರವರೆಗೆ ಬದುಕಿದಳು.

ಯಂತ್ರಗಳಿಲ್ಲದ ಕಾರಣ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಗಳ ಪಕ್ಕ ಕುಳಿತು ಚೀಲ ಒತ್ತಿದರು. ಅದರ ಒಟ್ಟು ಲೆಕ್ಕ 1,65,000 ಗಂಟೆ. ಶೇಕಡ 80ಕ್ಕೂ ಮೇಲಿದ್ದ ಮರಣ ಪ್ರಮಾಣ ಕೆಲವೇ ತಿಂಗಳಲ್ಲಿ ಅದರ ಅರ್ಧದಷ್ಟಕ್ಕೆ ಇಳಿಯಿತು. ನಮ್ಮ ಅಂಬುಲೆನ್ಸುಗಳಲ್ಲಿರುವ, ತಾನೇ ಉಬ್ಬಿಕೊಳ್ಳುವ ಚೀಲವೂ 1956ರಲ್ಲಿ ಅದೇ ದೇಶದಲ್ಲಿ ರೂಪುಗೊಂಡಿತು. 1953ರ ಡಿಸೆಂಬರಿನಲ್ಲಿ ಇಬ್ಸೆನ್ ಕೋಪನ್‌ಹೇಗನ್ನಿನ ನಗರ ಆಸ್ಪತ್ರೆಯಲ್ಲಿ, ಜಗತ್ತಿನ ಮೊದಲನೆಯದೆಂದು ಹಲವರು ಎಣಿಸುವ ತೀವ್ರ ನಿಗಾ ಘಟಕವನ್ನು ತೆರೆದರು. ಅದರ ಹೆಸರಿನಲ್ಲೇ ಅದರ ತತ್ತ್ವವಿದೆ: ರೋಗಿಯನ್ನು ಬಿಡದೆ ನೋಡುವ ಕಣ್ಣು ಸದಾ ಪಕ್ಕದಲ್ಲಿರಬೇಕು.

ಚೀಲ ಹಿಡಿದ ಕೈಗೆ ಮಗುವಿನ ಸ್ವಂತ ಉಸಿರಿನ ಮೊದಲ ಎಳೆತ ತಿಳಿಯುತ್ತದೆ. ಕೈಯ ಸ್ಥಾನಕ್ಕೆ ಯಂತ್ರ ಬಂದ ಮೇಲೆ ಆ ಅರಿವನ್ನು ಬೇರೆ ದಾರಿಯಿಂದ ಪಡೆಯಬೇಕಾಯಿತು. ಆಸರೆಯನ್ನು ಯಾವಾಗ ತೆಗೆಯಬೇಕೆಂಬ ಪ್ರಶ್ನೆ ಇಂದಿಗೂ ಸುಲಭವಲ್ಲ. ಅವಸರದಿಂದ ತೆಗೆದರೆ ಮಗು ದಣಿದು ಮತ್ತೆ ನಳಿಕೆ ಹಾಕಬೇಕಾಗುತ್ತದೆ. ಮಕ್ಕಳ ಶ್ವಾಸನಾಳ ಕಿರಿದಾದ್ದರಿಂದ ಸ್ವಲ್ಪ ಬಾವೂ ಅಪಾಯಕರ. ತಡಮಾಡಿದರೆ ನ್ಯುಮೋನಿಯಾ ಅಂಟುತ್ತದೆ, ಉಸಿರಾಟದ ಸ್ನಾಯುಗಳು ಸೊರಗುತ್ತವೆ. ಮಕ್ಕಳಿಗಾಗಿಯೇ 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಮಗು ಸಿದ್ಧವಾಗಿದೆಯೇ ಎಂಬುದನ್ನು ಕ್ರಮಬದ್ಧವಾಗಿ ಪರಿಶೀಲಿಸಿ, ಆಸರೆ ತಗ್ಗಿಸಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಸ್ವಂತ ಉಸಿರಾಟವನ್ನು ಪರೀಕ್ಷಿಸಲು ಹೇಳುತ್ತದೆ. ಉಸಿರಿನ ವೇಗ, ಪಕ್ಕೆ ಒಳಸೇದುವಿಕೆ, ರಕ್ತದ ಆಮ್ಲಜನಕ, ಎಚ್ಚರ, ಕೆಮ್ಮುವ ಬಲ, ಕಫ ಇವೆಲ್ಲವನ್ನೂ ಆಗ ನೋಡಬೇಕು. ಬ್ರಿಟನ್ನಿನ 18 ಆಸ್ಪತ್ರೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾದಿಯರನ್ನೂ ಒಳಗೊಂಡ ನಿತ್ಯ ಪರಿಶೀಲನೆಯಿಂದ ಯಂತ್ರದ ಅವಧಿ ಕೆಲವು ಗಂಟೆಗಳಷ್ಟು ಮಾತ್ರ ಕಡಿಮೆಯಾಯಿತು. ಆದರೆ ಹಾಸಿಗೆಗಳ ಕೊರತೆಯಿರುವಲ್ಲಿ, ಒಂದು ಮಗುವಿನಿಂದ ಬಿಡುಗಡೆಯಾದ ಗಂಟೆ ಇನ್ನೊಂದು ಮಗುವಿನ ಪಾಲಿಗೆ ಜೀವವೇ ಆಗಬಹುದು.

ಆಸರೆ ತೆಗೆಯುವುದಕ್ಕೆ ಇನ್ನೊಂದು ಮುಖವೂ ಇದೆ. ಚೇತರಿಕೆಯ ಭರವಸೆಯೇ ಇಲ್ಲದ ರೋಗಿಗಳಿಗೆ ಚಿಕಿತ್ಸೆ ನಿಲ್ಲಿಸುವ ಬಗ್ಗೆ 1970ರ ದಶಕದಲ್ಲಿ ಇಬ್ಸೆನ್ ಬಹಿರಂಗವಾಗಿ ಮಾತನಾಡಿದ್ದು ಡೆನ್ಮಾರ್ಕಿನಲ್ಲಿ ದೊಡ್ಡ ವಿವಾದಕ್ಕೆ ಕಾರಣವಾಯಿತು. ಯಂತ್ರವನ್ನು ವಾರ್ಡಿಗೆ ತಂದವರೇ ಅದರ ಮಿತಿಯನ್ನೂ ಹೇಳಬೇಕಾಯಿತು. 2007ರಲ್ಲಿ ಅವರು ನಿಧನರಾದರು.

ಸರ್ಕಾರಿ ಕಡತಗಳಲ್ಲಿ ಯಂತ್ರ ಖರೀದಿಗೆ ಮಂಜೂರಾತಿ ಪಡೆಯುವುದು ಸುಲಭ, ಹುದ್ದೆ ಸೃಷ್ಟಿಗೆ ಪಡೆಯುವುದು ಕಷ್ಟ ಎಂಬುದನ್ನು ಆಡಳಿತದಲ್ಲಿದ್ದವರೆಲ್ಲ ಬಲ್ಲರು. ಯಂತ್ರವನ್ನು ಉದ್ಘಾಟಿಸಬಹುದು, ರಾತ್ರಿ ಪಾಳಿಯ ದಾದಿಯನ್ನು ಉದ್ಘಾಟಿಸಲು ಬರುವುದಿಲ್ಲ. ಕೋವಿಡ್ ಕಾಲದಲ್ಲಿ, 2020-21ರಲ್ಲಿ, ದೇಶದ ಹಲವೆಡೆ ವೆಂಟಿಲೇಟರುಗಳು ನಡೆಸುವವರಿಲ್ಲದೆ ಮೂಲೆ ಸೇರಿದವು. ಕೋಪನ್‌ಹೇಗನ್ನಿನಲ್ಲಿ ಯಂತ್ರಗಳಿರಲಿಲ್ಲ, ಕೈಗಳಿದ್ದವು; ಮಕ್ಕಳು ಉಳಿದರು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆಗಳಿಗೆ ಮೊದಲು ಬೇಕಿರುವುದು, ಚೀಲವನ್ನು ಸರಿಯಾಗಿ ಒತ್ತಬಲ್ಲ ಮತ್ತು ಮಗುವನ್ನು ದಾರಿಯುದ್ದಕ್ಕೂ ಕಾಯಬಲ್ಲ ಸಿಬ್ಬಂದಿ. ದೊಡ್ಡ ಆಸ್ಪತ್ರೆಗಳಿಗೆ ಬೇಕಿರುವುದು, ಪ್ರತಿದಿನ ಬೆಳಿಗ್ಗೆ ಈ ಮಗು ಇಂದು ತಾನೇ ಉಸಿರಾಡಬಲ್ಲುದೇ ಎಂದು ಪರೀಕ್ಷಿಸಬಲ್ಲ ದಾದಿಯರು. ಆಯವ್ಯಯದಲ್ಲಿ ಯಂತ್ರದ ಬೆಲೆಯ ಪಕ್ಕದಲ್ಲೇ ಅವರ ಸಂಬಳಕ್ಕೂ ಒಂದು ಸಾಲು ಇರಲಿ.